ಬಲಗೈ ಕೇಳುವ ಗಿಟಾರ್

1862ರಲ್ಲಿ ಸ್ಪೇನಿನ ಆಂಟೋನಿಯೊ ದೆ ಟೊರೆಸ್ ವಿಚಿತ್ರವಾದೊಂದು ಗಿಟಾರ್ ಮಾಡಿದರು. ಮೇಲ್ಹಲಗೆ ಮಾತ್ರ ಒಳ್ಳೆಯ ಸ್ಪ್ರೂಸ್ ಮರದ್ದು. ಬೆನ್ನು, ಪಕ್ಕಗಳೆಲ್ಲ ಬರೀ ರಟ್ಟು. ನಾದ ಹುಟ್ಟುವುದು ಮೇಲ್ಹಲಗೆಯಲ್ಲೇ ಎಂದು ತೋರಿಸುವ ಹಟ ಅವರದು. ಆ ವಾದ್ಯ ಈಗ ಬಾರ್ಸಿಲೋನಾದ ಸಂಗೀತ ಮ್ಯೂಸಿಯಮ್ಮಿನಲ್ಲಿದೆ. ನಾವು ಕ್ಲಾಸಿಕಲ್ ಗಿಟಾರ್ ಎನ್ನುವುದರ ಆಕಾರ, 65 ಸೆಂಟಿಮೀಟರ್ ಉದ್ದದ ತಂತಿ, ಹಲಗೆಯ ಒಳಮೈಯ ಪಟ್ಟಿಗಳ ಜೋಡಣೆ, ಇವೆಲ್ಲ ಬಹುಮಟ್ಟಿಗೆ ಅವರಿಂದಲೇ ನೆಲೆಗೊಂಡವು.

ಕ್ಲಾಸಿಕಲ್ ಗಿಟಾರಿನ ಹಲಗೆ ತೆಳು. ಉಕ್ಕಿನ ತಂತಿ ಬಿಗಿದರೆ ಹಲಗೆಯ ಮೇಲೆ ತಂತಿ ಕಟ್ಟುವ ಕುದುರೆಯೇ ಕಿತ್ತು ಬಂದೀತು. ಮೊದಲು ಇದಕ್ಕೆ ಹಾಕುತ್ತಿದ್ದುದು ಕರುಳಿನ ತಂತಿ. ಎರಡನೇ ಮಹಾಯುದ್ಧದ ಕಾಲಕ್ಕೆ ಕರುಳೆಲ್ಲ ಗಾಯ ಹೊಲಿಯುವ ದಾರಕ್ಕೆ ಹೋಗಿ ತಂತಿಗೆ ಬರ ಬಂತು. ಆಗ ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟೀನ್ ನೈಲಾನಿನಲ್ಲಿ ತಂತಿ ಮಾಡಿದರು. ಹೆಸರಾಂತ ಗಿಟಾರ್ ವಾದಕ ಆಂಡ್ರೆಸ್ ಸೆಗೋವಿಯ ಅದನ್ನು ಕಟ್ಟಿ ಕಛೇರಿ ಮಾಡತೊಡಗಿದ ಮೇಲೆ ಉಳಿದವರೂ ಒಪ್ಪಿದರು.

ನೈಲಾನ್ ಎಡಗೈಗೆ ಮೆತ್ತಗಿರುವುದರಿಂದ ಹೊಸಬರಿಗೆ ಸುಲಭ ಎನ್ನುತ್ತಾರೆ. ಅದು ಅರ್ಧ ಸತ್ಯ. ಬೆರಳ ತುದಿ ಅಷ್ಟಾಗಿ ಉರಿಯುವುದಿಲ್ಲ, ನಿಜ. ಆದರೆ ಇಲ್ಲಿ ತಂತಿ ಮೀಟಲು ಪ್ಲೆಕ್ಟ್ರಮ್ ಇಲ್ಲ. ಸ್ವರದ ಬಣ್ಣವನ್ನೆಲ್ಲ ಬಲಗೈ ಬೆರಳೇ ಕೊಡಬೇಕು. ಈ ವಾದ್ಯದ ಸೊಗಸೂ ಕಷ್ಟವೂ ಅಲ್ಲೇ.

ಕೂರುವುದೂ ಪಾಠವೇ. ಎಡಗಾಲು ಸಣ್ಣ ಮಣೆಯ ಮೇಲೆ, ಗಿಟಾರಿನ ಸೊಂಟ ಎಡತೊಡೆಯ ಮೇಲೆ, ಕೊರಳು ಓರೆಯಾಗಿ ಮೇಲಕ್ಕೆ. ವಾದ್ಯವನ್ನು ಎಡಗೈ ಹೊರಬಾರದು.

ಈಗ ತೋರುಬೆರಳನ್ನು ಮೂರನೇ ತಂತಿಯ ಮೇಲಿಡಿ. ಹೊಡೆಯಬೇಡಿ, ಕೊಂಡಿಯಂತೆ ಎಳೆಯಲೂ ಬೇಡಿ. ತಂತಿಯನ್ನು ಒಂದಿಷ್ಟು ಹಲಗೆಯ ಕಡೆಗೆ ಒತ್ತಿ, ಬೆರಳು ಜಾರುವಂತೆ ಬಿಡಿ. ಬೆರಳು ಹೋಗಿ ಪಕ್ಕದ ನಾಲ್ಕನೇ ತಂತಿಗೆ ಒರಗಿ ನಿಲ್ಲಲಿ. ಸ್ವರ ದುಂಡಾಗಿ, ತುಂಬಿ ಬರುತ್ತದೆ. ಇದು ಆಪೊಯಾಂದೊ. ಬೆರಳು ಎಲ್ಲೂ ಒರಗದೆ ಅಂಗೈ ಕಡೆಗೆ ಮಡಿಚಿಕೊಂಡರೆ ತಿರಾಂದೊ. ಹಲವು ತಂತಿಗಳು ಒಟ್ಟಿಗೆ ನುಡಿಯಬೇಕಾದಾಗ ಅದೇ ಬೇಕು. ಬಳಿಕ ತೋರುಬೆರಳು, ನಡುಬೆರಳು ಸರದಿಯಲ್ಲಿ. ವೀಣೆಯ ಮೀಟು ಕಲಿತವರಿಗೆ ಈ ಸರದಿಯ ಶಿಸ್ತು ಹೊಸದಲ್ಲ. ಕೈಯನ್ನು ಕುದುರೆಯ ಬಳಿಗೆ ಸರಿಸಿದರೆ ಅದೇ ಸ್ವರ ಲೋಹದಂತೆ ಕಿಣಿಗುಟ್ಟುತ್ತದೆ, ಕೊರಳ ಕಡೆ ತಂದರೆ ಜೇನಾಗುತ್ತದೆ.

ಉಗುರು ಬೇಕೇ? ಹಿಂದಿನ ಕಾಲದ ವಾದಕ ಫೆರ್ನಾಂದೊ ಸೊರ್ ಉಗುರಿಲ್ಲದೆ ನುಡಿಸಿದವರು. ಸೆಗೋವಿಯ ಉಗುರು, ಬೆರಳ ಮಾಂಸ ಎರಡನ್ನೂ ಸೇರಿಸಿದವರು. ಆರಂಭಕ್ಕೆ ಇದ್ದಂತೆ ಸಾಕು. ಎಡಗೈ ಉಗುರು ಮಾತ್ರ ಬುಡಕ್ಕೆ ಕತ್ತರಿಸಿರಬೇಕು; ಬೆರಳು ಕೊರಳ ಮೇಲಿನ ಅಡ್ಡಪಟ್ಟಿಗೆ, ಅಂದರೆ ಫ್ರೆಟ್ಟಿಗೆ, ತಾಗಿದಂತೆ ಅದರ ಹಿಂದೆಯೇ ಕೂತರೆ ಹೆಚ್ಚು ಒತ್ತುವುದೇ ಬೇಡ. ಹೊಸ ನೈಲಾನ್ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ. ಶ್ರುತಿ ಇಳಿಯಿತೆಂದು ಅಂಗಡಿಯವರ ಮೇಲೆ ಜಗಳಕ್ಕೆ ಹೋಗಬೇಡಿ.

ಗಿಟಾರ್ ವಾದಕ ಮೌರೊ ಜೂಲಿಯಾನಿ 1812ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕವೊಂದರಲ್ಲಿ ಬಲಗೈಗೆಂದೇ 120 ಪಾಠಗಳನ್ನು ಕೊಟ್ಟರು. ಎಲ್ಲದಕ್ಕೂ ಎಡಗೈ ಹಿಡಿಯುವುದು ಎರಡೇ ಕಾರ್ಡ್: ಸಿ ಮೇಜರ್ ಮತ್ತು ಜಿ ಸೆವೆನ್. ಎಡಗೈಯ ಚಿಂತೆ ಕಳೆದು ಕಿವಿಯೆಲ್ಲ ಮೀಟುವ ಬೆರಳಿನ ಕಡೆಗಿರಲಿ ಎಂಬ ಜಾಣತನ ಅದು. ಬೋಧಕನೊಬ್ಬ ಇದಕ್ಕಿಂತ ಚೆನ್ನಾಗಿ ಯೋಚಿಸಿದ್ದನ್ನು ನಾನು ಕಂಡಿಲ್ಲ.

ಆ ಪುಸ್ತಕ ಇಂದಿಗೂ ಸಿಗುತ್ತದೆ. ವಿಡಿಯೊ ನೋಡಿ ಕಲಿಯುವವರು ಕಲಿಯಲಿ. ಆದರೆ ಮಣಿಕಟ್ಟು ಸೊಟ್ಟಗಾದರೆ ವಿಡಿಯೊ ಎಚ್ಚರಿಸುವುದಿಲ್ಲ. ಮೊದಲ ಕೆಲವು ತಿಂಗಳಾದರೂ ಬಲ್ಲವರೊಬ್ಬರ ಎದುರು ಕೂತು ನುಡಿಸಿ.