ಗಡಿನಾಡಿನ ಊರ ಹೆಸರುಗಳೂ ಗಣಕಯಂತ್ರದ ಶೋಧನೆಯೂ

ಕೊನೆಯಲ್ಲಿ ಪದಸೂಚಿ ಇಲ್ಲದ ಗ್ರಂಥದಿಂದ ಅರ್ಧ ಪ್ರಯೋಜನ ಮಾತ್ರ ದೊರೆಯುವುದೆಂಬುದು ಸಂಶೋಧನೆಯಲ್ಲಿ ಸ್ವಲ್ಪವಾದರೂ ಕೈಯಾಡಿಸಿದ ಉಪಾಧ್ಯಾಯರಿಗೆಲ್ಲ ಅನುಭವಕ್ಕೆ ಬಂದ ಮಾತು. ಬೇಕಾದ ಸಂಗತಿ ಆ ಗ್ರಂಥದಲ್ಲಿಯೇ ಇರುತ್ತದೆ. ಆದರೆ ಕೈಗೆ ಸಿಗುವುದಿಲ್ಲ. ಈಗ ಗ್ರಂಥಭಂಡಾರಗಳ ಬಹುಭಾಗವು ಗಣಕಯಂತ್ರಗಳ ಜಾಲದೊಳಕ್ಕೆ ಬಂದು ಸೇರುತ್ತಿದೆ. ಹುಡುಕುವ ಕೆಲಸವನ್ನು ಕೃತಕ ಬುದ್ಧಿಗೆ ಒಪ್ಪಿಸಿ, ಅದು ಹೇಳಿದುದನ್ನೇ ಉತ್ತರವೆಂದು ತೆಗೆದುಕೊಳ್ಳುವ ರೂಢಿಯೂ ಬೆಳೆಯುತ್ತಿದೆ. ಸಿಗದಿದ್ದುದು ಇಲ್ಲವೇ ಇಲ್ಲವೆಂದು ನಂಬುವುದು ಇದರಿಂದ ಸುಲಭವಾಗಿದೆ. ಆದವಾನಿ, ಆಲೂರು, ಎಮ್ಮಿಗನೂರು, ಕೋಸಿಗಿ, ಕೌತಾಳ, ಮಂತ್ರಾಲಯಗಳನ್ನೊಳಗೊಂಡ ನಮ್ಮ ಪಡುವಣ ಕರ್ನೂಲು ಪ್ರಾಂತಕ್ಕೆ ಈ ವಿಷಯದಲ್ಲಿ ಒದಗಿರುವ ತೊಡಕು ಎಂತಹುದು, ಅದರ ಪರಿಹಾರದಲ್ಲಿ ಉಪಾಧ್ಯಾಯರ ಪಾಲೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಯಂತ್ರವು ಹುಡುಕುವ ಬಗೆಯನ್ನು ತಿಳಿಯೋಣ. ಪ್ರಶ್ನೆ ಕೇಳಿದೊಡನೆ ಅದು ಎಲ್ಲ ಪುಟಗಳನ್ನೂ ಮೊದಲಿನಿಂದ ಓದುವುದಿಲ್ಲ. ಯಾವ ಪದ ಯಾವ ಯಾವ ಪುಟಗಳಲ್ಲಿದೆ ಎಂಬ ಪದಸೂಚಿಯನ್ನು ಮುಂಚೆಯೇ ಸಿದ್ಧಮಾಡಿಕೊಂಡಿರುತ್ತದೆ. ಪ್ರಶ್ನೆಯಲ್ಲಿರುವ ಪದಗಳನ್ನು ಆ ಸೂಚಿಯಲ್ಲಿ ನೋಡಿ, ಅವು ಬಂದಿರುವ ಪುಟಗಳನ್ನು ಹೊರತೆಗೆಯುತ್ತದೆ. ಎಲ್ಲ ಪದಗಳಿಗೂ ಒಂದೇ ತೂಕವಲ್ಲ. ಅಪರೂಪವಾಗಿ ಬರುವ ಪದಕ್ಕೆ ಹೆಚ್ಚು ತೂಕ, ಎಲ್ಲೆಲ್ಲೂ ಬರುವ ಪದಕ್ಕೆ ಕಡಿಮೆ ತೂಕ ಎಂಬ ತತ್ತ್ವವನ್ನು 1972ರಲ್ಲಿ ಕೇಂಬ್ರಿಜ್ಜಿನ ವಿದುಷಿ ಕರೆನ್ ಸ್ಪಾರ್ಕ್ ಜೋನ್ಸ್ ಸ್ಪಷ್ಟಪಡಿಸಿದರು. ಶಾಸನಗಳ ಉದಾಹರಣೆಯಿಂದ ಇದು ನಮಗೆ ಸುಲಭವಾಗಿ ತಿಳಿಯುತ್ತದೆ. ನಾನೂರು ಶಾಸನಗಳ ಒಂದು ಸಂಗ್ರಹವಿದೆ ಎಂದಿಟ್ಟುಕೊಳ್ಳಿ. 'ಸ್ವಸ್ತಿ' ಎಂಬ ಪದ ನಾನೂರರಲ್ಲಿಯೂ ಬಂದರೆ ಅದರಿಂದ ಒಂದು ಶಾಸನವನ್ನು ಇನ್ನೊಂದರಿಂದ ಬೇರ್ಪಡಿಸಲಾಗದು. ಆದುದರಿಂದ ಅದರ ತೂಕ ಸೊನ್ನೆ. 'ತುಂಬಳ' ಎಂಬ ಊರ ಹೆಸರು ನಾಲ್ಕರಲ್ಲಿ ಮಾತ್ರ ಬಂದರೆ ಆ ನಾಲ್ಕನ್ನು ಎತ್ತಿ ತೋರಿಸುವ ಶಕ್ತಿ ಅದಕ್ಕೆ ಉಂಟು. ಅದರ ತೂಕ ಬಹಳ. ಹೀಗೆ ನೋಡಿದರೆ ಸ್ಥಳೀಯ ಇತಿಹಾಸದ ಶೋಧನೆಯಲ್ಲಿ ಊರ ಹೆಸರಿಗಿಂತ ಬೆಲೆಯುಳ್ಳ ಪದ ಇನ್ನೊಂದಿಲ್ಲ. ನಮ್ಮ ತೊಡಕಿರುವುದೂ ಅಲ್ಲಿಯೇ.

ತೊಡಕಿನ ಮೊದಲನೆಯ ಕಾರಣ ಆಡಳಿತದ ಇತಿಹಾಸ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆ ರಾಜ್ಯಕ್ಕೆ ಸೇರಿದುವು. ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಬಂದಿತು. ಆದವಾನಿ ಮತ್ತು ಆಲೂರುಗಳನ್ನು ಕರ್ನೂಲು ಜಿಲ್ಲೆಗೂ ರಾಯದುರ್ಗವನ್ನು ಅನಂತಪುರ ಜಿಲ್ಲೆಗೂ ಕೂಡಿಸಲಾಯಿತು. 1985ರಲ್ಲಿ ತಾಲೂಕುಗಳ ಬದಲು ಮಂಡಲಗಳು ಬಂದುವು. 2022ರಲ್ಲಿ ಪೂರ್ವದ ಕಡೆಯ ನಂದ್ಯಾಲ ಭಾಗ ಬೇರೆ ಜಿಲ್ಲೆಯಾಯಿತು. ಆದರೆ ನಮ್ಮ ಆಧಾರಗ್ರಂಥಗಳು ಈ ಬದಲಾವಣೆಗಳಿಗಿಂತ ಹಳೆಯವು. ಮದರಾಸು ಪ್ರಾಂತದ ಕನ್ನಡ ಶಾಸನಗಳು 'ದಕ್ಷಿಣ ಭಾರತ ಶಾಸನಗಳು' ಮಾಲೆಯ ಒಂಬತ್ತನೆಯ ಸಂಪುಟದಲ್ಲಿ ಆರ್. ಶಾಮಾಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಅವರ ಸಂಪಾದಕತ್ವದಲ್ಲಿ ಅಚ್ಚಾದುವು. ಅದರ ಮೊದಲ ಭಾಗ 1939ರದು. ಆದವಾನಿ, ಆಲೂರು ತಾಲೂಕುಗಳು ಅಲ್ಲಿ ಬಳ್ಳಾರಿ ಜಿಲ್ಲೆಯವು. ಡಬ್ಲ್ಯು. ಫ್ರಾನ್ಸಿಸ್ ಅವರ 1904ರ ಗೆಜೆಟಿಯರಿನಲ್ಲಿಯೂ ಹಾಗೆಯೇ. ಇಂದಿನ ವಿದ್ಯಾರ್ಥಿ 'ಕರ್ನೂಲು ಜಿಲ್ಲೆಯ ಕನ್ನಡ ಶಾಸನಗಳು' ಎಂದು ಹುಡುಕಿದರೆ ಕೇವಲ ಪದವನ್ನು ನಂಬಿದ ಯಂತ್ರ ಇವನ್ನು ಮುಟ್ಟುವುದಿಲ್ಲ. 'ಬಳ್ಳಾರಿ ಜಿಲ್ಲೆ' ಎಂದು ಹುಡುಕುವವನಿಗೋ, ಇವು ಈಗಿನ ಬಳ್ಳಾರಿಗೆ ಸೇರಿದುವಲ್ಲವೆಂಬ ಎಚ್ಚರಿಕೆ ದೊರೆಯುವುದಿಲ್ಲ.

ಎರಡನೆಯದು ಹೆಸರುಗಳ ಬಹುತ್ವ. ಆದವಾನಿ, ಆದೋನಿ ಎರಡೂ ಒಂದೇ ಊರು. ಯಾದವಗಿರಿ ಎಂಬ ಸಂಸ್ಕೃತ ರೂಪವೂ ಬಳಕೆಯಲ್ಲುಂಟು. ಕರ್ನೂಲಿಗೆ ಕಂದನವೋಲು ಎಂಬುದು ಹಿಂದಿನ ಹೆಸರು. ಕನ್ನಡಿಗನು ಹಿರೇತುಂಬಳ, ಚಿಕ್ಕತುಂಬಳ ಎಂದರೆ ಸರಕಾರದ ಕಾಗದಪತ್ರದಲ್ಲಿ ಪೆದ್ದತುಂಬಳಂ, ಚಿನ್ನತುಂಬಳಂ. ನಮಗೆ ಕೌತಾಳವಾದುದು ತೆಲುಗಿನಲ್ಲಿ ಕೌತಾಳಂ. ಇದರ ಮೇಲೆ ಕನ್ನಡದ ವಿಭಕ್ತಿ ಪ್ರತ್ಯಯಗಳು ಬಂದು ಕೂಡುತ್ತವೆ: ಆದವಾನಿಗೆ, ಆದವಾನಿಯಿಂದ, ಆದವಾನಿಯಲ್ಲಿ. ವ್ಯಾಕರಣವರಿಯದ ಯಂತ್ರಕ್ಕೆ ಇವು ಮೂರು ಬೇರೆ ಪದಗಳು. ಇನ್ನೊಂದು ಕಡೆ, ಬೇರೆ ಬೇರೆ ಊರುಗಳಿಗೆ ಒಂದೇ ಹೆಸರಿರುವುದೂ ಉಂಟು. ಆಲೂರು ನಮ್ಮಲ್ಲಿದೆ, ಹಾಸನ ಜಿಲ್ಲೆಯಲ್ಲಿಯೂ ಇದೆ. ನಮ್ಮ ಹೊಳಗುಂದಕ್ಕೂ ಹೂವಿನಹಡಗಲಿ ತಾಲೂಕಿನ ಹೊಳಗುಂದಿಗೂ ಕೊನೆಯ ಸ್ವರವೊಂದೇ ವ್ಯತ್ಯಾಸ; ಸಾಲದುದಕ್ಕೆ ಎರಡೂ ಹಿಂದೆ ಬಳ್ಳಾರಿ ಜಿಲ್ಲೆಯವೇ.

ಮೂರನೆಯದು ಲಿಪಿ. ಇದು ನಮ್ಮ ಗಡಿಯ ವಿಶೇಷ. ಕನ್ನಡ ಶಾಸನಗಳು ಮೇಲೆ ಹೇಳಿದ ಒಂಬತ್ತನೆಯ ಸಂಪುಟಕ್ಕೆ ಹೋದರೆ ತೆಲುಗು ಶಾಸನಗಳು 1948ರ ಹತ್ತನೆಯ ಸಂಪುಟಕ್ಕೆ ಹೋದುವು. ಈಗಲೂ ನಮ್ಮ ಊರುಗಳ ವಿಚಾರ ಅರ್ಧ ಕನ್ನಡ ಲಿಪಿಯಲ್ಲಿ, ಅರ್ಧ ತೆಲುಗು ಲಿಪಿಯಲ್ಲಿ ಬರೆಯಲ್ಪಡುತ್ತಿದೆ. ನಮ್ಮ ಕಣ್ಣಿಗೆ ಎರಡೂ ಸೋದರ ಲಿಪಿಗಳು. ಕನ್ನಡ ಶಾಲೆಯ ಮಗು ಕೆಲವು ದಿನಗಳಲ್ಲಿ ತೆಲುಗು ಫಲಕಗಳನ್ನು ಓದಿಬಿಡುತ್ತದೆ. ಯಂತ್ರವಾದರೋ ಆಕಾರವನ್ನು ಕಾಣದು, ಸಂಖ್ಯೆಯನ್ನು ಮಾತ್ರ ಕಾಣುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ತೆಲುಗಿನ 'ಕ' ಅಕ್ಷರಕ್ಕೆ 3093, ಕನ್ನಡದ 'ಕ' ಅಕ್ಷರಕ್ಕೆ 3221. ಹಾಗಾಗಿ ಚಿಪ್ಪಗಿರಿಯ ಹೆಸರು ಎರಡು ಭಾಷೆಗಳಲ್ಲಿಯೂ ಒಂದೇ ಆದರೂ, ಕನ್ನಡದಲ್ಲಿ ಹುಡುಕಿದವನಿಗೆ ತೆಲುಗಿನ ಪುಟ ಸಿಗುವುದಿಲ್ಲ. ವಿಜಯದಾಸರು ಕೊನೆಯ ದಿನಗಳನ್ನು ಕಳೆದು 1755ರಲ್ಲಿ ದೇಹವಿಟ್ಟ ಊರು ಅದು. ದಾಸಸಾಹಿತ್ಯದ ಅಭ್ಯಾಸಿಗೆ ಎರಡು ಕಡೆಯ ಬರೆಹವೂ ಬೇಕು.

ಸಂತೋಷದ ಸಂಗತಿಯೆಂದರೆ ಈ ಗೋಡೆ ದಾಟಲಾರದಷ್ಟು ಎತ್ತರವಾಗಿಲ್ಲ. ಭಾರತದ ಲಿಪಿಗಳಿಗೆಲ್ಲ ಒಂದೇ ಚೌಕಟ್ಟಿನ ಸಂಕೇತಪಟ್ಟಿಯನ್ನು ನಮ್ಮ ದೇಶದಲ್ಲಿ ಮೊದಲೇ ರೂಪಿಸಿದ್ದರು; 1991ರ ಯೂನಿಕೋಡ್ ಅದೇ ಕ್ರಮವನ್ನು ಅನುಸರಿಸಿತು. ಅದರಿಂದಾಗಿ ತೆಲುಗು ಅಕ್ಷರದ ಸಂಖ್ಯೆಗೆ 128ನ್ನು ಕೂಡಿಸಿದರೆ ಸಾಮಾನ್ಯವಾಗಿ ಅದಕ್ಕೆ ಸರಿಯಾದ ಕನ್ನಡ ಅಕ್ಷರ ಬರುತ್ತದೆ. ಮೇಲಿನ 3093ಕ್ಕೆ 128 ಸೇರಿಸಿ ನೋಡಿ, 3221 ಆಯಿತು. ಒಂದು ಕೂಡುವ ಲೆಕ್ಕದಿಂದ ಎರಡು ಲಿಪಿಗಳ ಸೂಚಿಗಳನ್ನು ಒಂದುಗೂಡಿಸಬಹುದು. ಆದರೆ ಹಳಗನ್ನಡದ 'ೞ' ಅಕ್ಷರದಲ್ಲಿ ಈ ಲೆಕ್ಕ ತಪ್ಪುತ್ತದೆ. ಕನ್ನಡದಲ್ಲಿ ಅದರ ಸಂಖ್ಯೆ 3294. ತೆಲುಗಿನ ಆ ಅಕ್ಷರ 2014ರಲ್ಲಿ 3124ನೆಯ ಸ್ಥಾನದಲ್ಲಿ ಸೇರಿತು. ಇವೆರಡರ ಅಂತರ 170. ಮೇಲಾಗಿ ಯೂನಿಕೋಡಿನವರು ಕನ್ನಡದ ೞಕಾರಕ್ಕೆ ತಿಳಿಯದೆ 'ಫ' ಎಂಬ ಹೆಸರಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಪದ್ಧತಿ ಅವರಲ್ಲಿಲ್ಲದ ಕಾರಣ, ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಪಕ್ಕದಲ್ಲಿ ಸೂಚಿಸಿದ್ದಾರೆ. ಪ್ರಾಚೀನ ಶಾಸನಗಳಲ್ಲಿ ೞಕಾರ ಎಷ್ಟು ಸಲ ಬರುತ್ತದೆಂಬುದನ್ನು ಬಲ್ಲವರಿಗೆ ಇದು ಸಣ್ಣ ಮಾತಲ್ಲವೆಂದು ತೋರದಿರದು.

ಇಲ್ಲಿ ಒಂದು ಸಂದೇಹ ಬರಬಹುದು. ಕೃತಕ ಬುದ್ಧಿಯೆಂಬುದು ಪದಗಳನ್ನು ದಾಟಿ ಅರ್ಥವನ್ನೇ ಹಿಡಿಯುತ್ತದಂತೆ. ಹಾಗಿರುವಾಗ ಈ ತೊಡಕುಗಳು ತಾವಾಗಿಯೇ ಪರಿಹಾರವಾಗಲಾರವೆ? ಈ ಸಂದೇಹದಲ್ಲಿ ನಿಜಾಂಶವಿದೆ. ಹೊಸ ಯಂತ್ರಗಳು ಅಪಾರವಾದ ಬರೆಹವನ್ನು ಓದಿ, ಯಾವ ಪದ ಯಾವುದರ ನೆರೆಯಲ್ಲಿ ಬರುತ್ತದೆಂಬುದನ್ನು ಗಮನಿಸಿ, ಪ್ರತಿಯೊಂದು ಪದಕ್ಕೂ ಸಂಖ್ಯೆಗಳ ಒಂದು ಸಾಲನ್ನು ಕಟ್ಟುತ್ತವೆ. ಕೆರೆ, ಕಟ್ಟೆ, ತೂಬು ಇವು ಜೊತೆಜೊತೆಯಾಗಿ ಬರುವುದರಿಂದ ಇವುಗಳ ಸಾಲುಗಳು ಹತ್ತಿರವಾಗುತ್ತವೆ. 'ಕೆರೆ' ಎಂದು ಕೇಳಿದವನಿಗೆ 'ತೂಬು' ಎಂದಿರುವ ಪುಟವೂ ದೊರೆಯುತ್ತದೆ. ಆದರೆ ಈ ಬಲ್ಲತನವೆಲ್ಲ ಹೆಚ್ಚು ಓದಿದ ವಿಷಯದಲ್ಲಿ ಮಾತ್ರ. 'ಮತ್ತರು' ಎಂಬ ಭೂಮಿಯ ಅಳತೆ ಶಾಸನಗಳಲ್ಲಿ ಸಾಧಾರಣ, ಇಂದಿನ ಬರೆಹದಲ್ಲಿ ಅಪರೂಪ. ಹಿರೇತುಂಬಳವೂ ಪೆದ್ದತುಂಬಳವೂ ಒಂದೇ ಎಂದು ಯಾರೂ ಎಲ್ಲಿಯೂ ಬರೆದಿಡದಿದ್ದರೆ ಯಂತ್ರ ಅದನ್ನು ನಿಶ್ಚಯವಾಗಿ ತಿಳಿಯುವ ದಾರಿಯಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದುಂಟು. 2022ರ ಕೊನೆಯಿಂದ ಜನಬಳಕೆಗೆ ಬಂದ ಮಾತನಾಡುವ ಯಂತ್ರಗಳು ಪುಟವನ್ನು ತೋರಿಸಿ ಸುಮ್ಮನಾಗುವುದಿಲ್ಲ. ತಾವೇ ವಾಕ್ಯ ಕಟ್ಟಿ ಉತ್ತರ ಹೇಳುತ್ತವೆ. ಜಾಲದಲ್ಲಿ ಹುಡುಕಿ ದೊರೆತ ಪುಟಗಳನ್ನು ಮುಂದಿಟ್ಟುಕೊಂಡು ಹೇಳಿದರೆ ಉತ್ತರಕ್ಕೆ ಸ್ವಲ್ಪ ಆಧಾರವಿರುತ್ತದೆ. ಸರಿಯಾದ ಪುಟ ದೊರೆಯದಾಗ ಹತ್ತಿರದ್ದನ್ನು ಹಿಡಿದು, ಉಳಿದುದನ್ನು ಊಹೆಯಿಂದ ತುಂಬುವುದೂ ಉಂಟು. ನಮ್ಮ ಆಲೂರಿನ ವಿದ್ಯಾರ್ಥಿ ತನ್ನೂರಿನ ಶಾಸನವನ್ನು ಕೇಳಿದನೆನ್ನೋಣ. ಹಾಸನದ ಆಲೂರಿನ ವಿಷಯವನ್ನು ಅದು ಸೊಗಸಾದ ಕನ್ನಡದಲ್ಲಿ ಒಪ್ಪಿಸಬಹುದು. ಹುಡುಗನಿಗೆ ಸಂಶಯ ಬಾರದು, ಏಕೆಂದರೆ ಭಾಷೆ ಶುದ್ಧವಾಗಿದೆ. ಹೀಗೆ ಒಂದು ತಲೆಮಾರು ಕಲಿತರೆ ಈ ನೆಲದ ಕನ್ನಡದ ಹಳಮೆ ಅಚ್ಚಿನಲ್ಲಿದ್ದೂ ಅರಿವಿನಿಂದ ಮರೆಯಾಗುತ್ತದೆ.

ಪರಿಹಾರ ಏನು? ಗಣಕವಿಜ್ಞಾನಿಗಳು ಮಾಡಬೇಕಾದುದನ್ನು ಅವರು ಮಾಡಲಿ. ನಮ್ಮ ಕೈಯಲ್ಲಿರುವುದು ಮೂರು ಕೆಲಸ.

ಮೊದಲನೆಯದು ಊರ ಹೆಸರುಗಳ ಪಟ್ಟಿ. ಒಂದೊಂದು ಹಳ್ಳಿಗೂ ಒಂದು ಸಾಲು: ಕನ್ನಡದ ಬಾಯಿಮಾತಿನ ಹೆಸರು, ತೆಲುಗಿನ ಹೆಸರು, ಇಂಗ್ಲಿಷ್ ಕಾಗದಪತ್ರದ ಬರಹರೂಪ, ಶಾಸನದಲ್ಲಿ ಕಾಣುವ ರೂಪ, 1953ಕ್ಕೆ ಮುಂಚಿನ ತಾಲೂಕು ಮತ್ತು ಜಿಲ್ಲೆ, ಈಗಿನ ಮಂಡಲ, ಅಕ್ಷಾಂಶ ರೇಖಾಂಶ. ಅಕ್ಷಾಂಶ ರೇಖಾಂಶಗಳಿದ್ದರೆ ಎರಡು ಆಲೂರುಗಳು ಎಂದಿಗೂ ಒಂದಾಗವು. ಹೀಗೆ ಕ್ರಮಪಟ್ಟ ಪಟ್ಟಿಯನ್ನು ಯಂತ್ರಕ್ಕೆ ಕೊಟ್ಟರೆ, ಕೇಳಿದವನು ಯಾವ ಹೆಸರಿನಿಂದ ಕೇಳಿದರೂ ಎಲ್ಲ ಹೆಸರುಗಳಿಂದಲೂ ಹುಡುಕುವಂತೆ ಅದನ್ನು ಅಣಿಗೊಳಿಸಬಹುದು.

ಎರಡನೆಯದು ನಮ್ಮ ಬರೆಹದ ರೂಪ. ಅನೇಕ ಸ್ಮರಣಸಂಚಿಕೆಗಳೂ ಶಾಲಾ ಪತ್ರಿಕೆಗಳೂ ಯೂನಿಕೋಡಿಗೆ ಹೊರತಾದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾಗಿವೆ. ಕಾಗದದ ಮೇಲೆ ಅವು ಅಂದವಾದ ಕನ್ನಡ. ಯಂತ್ರದೊಳಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಇವನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳಿವೆ. ತಿರುಗಿಸಿದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಿಟ್ಟು ತಿದ್ದಬೇಕು. ಉತ್ತರಪತ್ರಿಕೆ ತಿದ್ದಿ ನುರಿತ ಕೈಗೆ ಇದು ಭಾರವಲ್ಲ.

ಮೂರನೆಯದು ಪರೀಕ್ಷೆ. ಶೋಧನೆಯ ಗುಣವನ್ನು ಅಳೆಯಲು ವಿಜ್ಞಾನಿಗಳಿಗೆ ಎರಡು ಮಾನಗಳಿವೆ: ಸಿಕ್ಕಿದುದರಲ್ಲಿ ಸರಿಯಾದುದೆಷ್ಟು, ಸರಿಯಾದುದರಲ್ಲಿ ಸಿಕ್ಕಿದುದೆಷ್ಟು. ಉತ್ತರ ನಮಗೆ ಖಚಿತವಾಗಿ ಗೊತ್ತಿರುವ ಐವತ್ತು ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಯಂತ್ರವನ್ನು ಕೇಳಿ ಅಂಕ ಹಾಕಿದರೆ, ಅದನ್ನು ಎಲ್ಲಿ ನಂಬಬಹುದು, ಎಲ್ಲಿ ನಂಬಬಾರದು ಎಂಬುದು ತಿಳಿಯುತ್ತದೆ. ಈ ಅಂಕಪಟ್ಟಿಯನ್ನು ಮಕ್ಕಳ ಮುಂದಿಟ್ಟರೆ ಅದೇ ಒಂದು ಒಳ್ಳೆಯ ಪಾಠ.

ಪತ್ತಿಕೊಂಡದ ಕಡೆಯ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ಶಾಸನಗಳಿರುವುದನ್ನು ವಾಚಕರು ಬಲ್ಲರು. ಅಲ್ಲಿಯ ಕಿರು ಬಂಡೆಶಾಸನದ ಕೆಲವು ಸಾಲುಗಳು ಎಡದಿಂದ ಬಲಕ್ಕೂ, ಕೆಲವು ಬಲದಿಂದ ಎಡಕ್ಕೂ ಸಾಗುತ್ತವೆ. ಈ ಕ್ರಮವನ್ನು ಅರಿತವರು ಬಂದಮೇಲೆಯೇ ಬಂಡೆಯ ಮಾತು ತಿಳಿದುದು. ನಮ್ಮ ಹಳ್ಳಿಗಳ ಹೆಸರನ್ನು ಎರಡು ಭಾಷೆಗಳಲ್ಲಿಯೂ ಬಲ್ಲ ಹಿರಿಯರು ಈಗಲೂ ಊರೂರಲ್ಲಿ ಇದ್ದಾರೆ. ಬರುವ ಬೇಸಗೆಯ ರಜೆಯಲ್ಲಿ ಒಬ್ಬೊಬ್ಬ ಉಪಾಧ್ಯಾಯರು ತಮ್ಮ ಶಾಲೆಯ ಸುತ್ತಣ ಹತ್ತು ಹಳ್ಳಿಗಳ ಹೆಸರನ್ನು ಅವರಿಂದ ಕೇಳಿ ಬರೆದುಕೊಂಡರೆ, ಮುಂದಿನ ಸಂಚಿಕೆಯ ಹೊತ್ತಿಗೆ ಪಟ್ಟಿಯ ಮೊದಲ ಭಾಗ ಸಿದ್ಧವಾಗುತ್ತದೆ.