ತಂತ್ರಾಂಶ ನವೀಕರಣದ ನಂತರದ ವೈ-ಫೈ ತೊಂದರೆಗಳು

ಸ್ಮಾರ್ಟ್‌ಫೋನಿನ ಕಾರ್ಯಾಚರಣಾ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ನವೀಕರಿಸಿದ ಬಳಿಕ, ಅದುವರೆಗೆ ಸರಿಯಾಗಿದ್ದ ಮನೆಯ ನಿಸ್ತಂತು ಅಂತರಜಾಲ ಕೆಲವೊಮ್ಮೆ ಕೈಕೊಡುತ್ತದೆ. ಸಂಪರ್ಕ ಪದೇ ಪದೇ ಕಡಿದುಹೋಗುವುದು, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತಪ್ಪೆಂದು ತೋರಿಸುವುದು, ವೈ-ಫೈ ಚಿಹ್ನೆ ಕಾಣಿಸುತ್ತಿದ್ದರೂ ಯಾವ ಪುಟವೂ ತೆರೆಯದಿರುವುದು ಇದರ ಸಾಮಾನ್ಯ ಲಕ್ಷಣಗಳು. ಆಪಲ್‌ನ ಐಒಎಸ್ ಮತ್ತು ಗೂಗಲ್‌ನ ಆಂಡ್ರಾಯ್ಡ್ ಎರಡರಲ್ಲೂ ಇಂತಹ ತೊಂದರೆಗಳು ವರದಿಯಾಗಿವೆ. ಇವುಗಳಲ್ಲಿ ಕೆಲವು ನವೀಕರಣದಲ್ಲಿಯೇ ಇದ್ದ ದೋಷಗಳು. ಇನ್ನು ಕೆಲವು ದೋಷಗಳೇ ಅಲ್ಲ. ಹೊಸ ಆವೃತ್ತಿ ಉದ್ದೇಶಪೂರ್ವಕವಾಗಿ ತಂದ ಬದಲಾವಣೆಗೂ ಮನೆಯ ರೌಟರಿನ ಹಳೆಯ ಹೊಂದಾಣಿಕೆಗೂ ತಾಳೆಯಾಗದೆ ಉಂಟಾದವು. ಈ ವ್ಯತ್ಯಾಸವನ್ನು ಗುರುತಿಸದೆ ಹೊಸ ರೌಟರ್ ಕೊಳ್ಳುವವರೂ, ಫೋನಿನಲ್ಲಿರುವುದನ್ನೆಲ್ಲ ಅಳಿಸಿಬಿಡುವವರೂ ಇದ್ದಾರೆ.

ಸಂಪರ್ಕದ ಹಂತಗಳು

ಫೋನು ವೈ-ಫೈ ಜಾಲವನ್ನು ಸೇರುವುದು ಒಂದೇ ಕ್ರಿಯೆಯಂತೆ ಕಂಡರೂ ಅದರಲ್ಲಿ ಹಲವು ಹಂತಗಳಿವೆ. ಮೊದಲು ಫೋನು ರೌಟರಿನ ಸಂಕೇತವನ್ನು ಕಂಡುಕೊಂಡು ಅದರೊಡನೆ ಜತೆಗೂಡುತ್ತದೆ. ಬಳಿಕ ಪಾಸ್‌ವರ್ಡಿನ ಆಧಾರದ ಮೇಲೆ ಎರಡೂ ಸಾಧನಗಳು ಗೂಢಲಿಪಿಯ ಕೀಲಿಗಳನ್ನು ಒಪ್ಪಿಕೊಳ್ಳುತ್ತವೆ. ಮೂರನೆಯದಾಗಿ, ಡಿಎಚ್‌ಸಿಪಿ ಎಂಬ ವಿಧಾನದ ಮೂಲಕ ರೌಟರು ಫೋನಿಗೆ ಐಪಿ ವಿಳಾಸವನ್ನು ಕೊಡುತ್ತದೆ. ಮನೆಗಳಲ್ಲಿ ಇದು ಸಾಮಾನ್ಯವಾಗಿ 192.168 ಎಂದು ಆರಂಭವಾಗುತ್ತದೆ. ಜಾಲತಾಣಗಳ ಹೆಸರನ್ನು ಅಂಕಿಯ ವಿಳಾಸವಾಗಿ ಬದಲಿಸಿಕೊಡುವ ಡಿಎನ್‌ಎಸ್ ಸೇವೆಯ ವಿವರವೂ ಆಗಲೇ ದೊರೆಯುತ್ತದೆ. ಕೊನೆಯಲ್ಲಿ ಫೋನು, ಬಳಕೆದಾರನಿಗೆ ತಿಳಿಯದಂತೆ, ತನ್ನ ತಯಾರಕರ ಸರ್ವರಿನಿಂದ ಒಂದು ಪುಟ್ಟ ಉತ್ತರವನ್ನು ಕೇಳಿ ಅಂತರಜಾಲ ನಿಜವಾಗಿ ದೊರೆಯುತ್ತಿದೆಯೇ ಎಂದು ಪರೀಕ್ಷಿಸುತ್ತದೆ.

ಯಾವ ಹಂತದಲ್ಲಿ ತಡೆಯಾಗಿದೆ ಎಂಬುದನ್ನು ಪರದೆಯ ಮೇಲಿನ ಸೂಚನೆಯೇ ಬಹುಮಟ್ಟಿಗೆ ಹೇಳುತ್ತದೆ. ಜಾಲದ ಹೆಸರೇ ಪಟ್ಟಿಯಲ್ಲಿಲ್ಲದಿದ್ದರೆ ತೊಂದರೆ ಮೊದಲ ಹಂತದ್ದು. ಪಾಸ್‌ವರ್ಡ್ ತಪ್ಪೆಂದು ಬಂದರೆ ಎರಡನೆಯದು. ಐಪಿ ವಿಳಾಸ ಪಡೆಯಲಾಗುತ್ತಿದೆ ಎಂಬಲ್ಲಿಯೇ ನಿಂತರೆ, ಅಥವಾ ಐಫೋನಿನಲ್ಲಿ 169.254 ಎಂದು ಆರಂಭವಾಗುವ ವಿಳಾಸ ಕಂಡರೆ, ರೌಟರಿನಿಂದ ವಿಳಾಸ ಬಂದಿಲ್ಲವೆಂದೇ ಅರ್ಥ. ಅದು ಫೋನು ತನಗೆ ತಾನೇ ಕೊಟ್ಟುಕೊಂಡ ವಿಳಾಸ. ಸಂಪರ್ಕವಿದೆ, ಅಂತರಜಾಲವಿಲ್ಲ ಎಂಬ ಸೂಚನೆ ಡಿಎನ್‌ಎಸ್ ಅಥವಾ ಕೊನೆಯ ಪರೀಕ್ಷೆಯತ್ತ ಬೆರಳು ತೋರಿಸುತ್ತದೆ.

2012ರ ಐಒಎಸ್ 6 ಪ್ರಕರಣ

ಈ ಕೊನೆಯ ಪರೀಕ್ಷೆಯೊಂದೇ ಎಷ್ಟು ದೊಡ್ಡ ಗೊಂದಲಕ್ಕೆ ಕಾರಣವಾಗಬಲ್ಲದು ಎಂಬುದಕ್ಕೆ ಐಒಎಸ್ 6ರ ಬಿಡುಗಡೆ ಉತ್ತಮ ಉದಾಹರಣೆ. 2012ರ ಸೆಪ್ಟೆಂಬರ್ 19ರಂದು ಆ ಆವೃತ್ತಿಯನ್ನು ಅಳವಡಿಸಿಕೊಂಡ ಅನೇಕರಿಗೆ ಮನೆಯ ವೈ-ಫೈ ಬಳಸಲಾಗಲಿಲ್ಲ. ಜಾಲಕ್ಕೆ ಸೇರಿದ ಕೂಡಲೇ, ಹೋಟೆಲು ಮತ್ತು ವಿಮಾನ ನಿಲ್ದಾಣಗಳಲ್ಲಿ ಲಾಗಿನ್ ಕೇಳುವಂತಹ ಒಂದು ಕಿಟಕಿ ತೆರೆದುಕೊಳ್ಳುತ್ತಿತ್ತು. ಅದರೊಳಗೆ ಪುಟ ದೊರೆಯಲಿಲ್ಲ ಎಂಬ ಆಪಲ್ ತಾಣದ ಸಂದೇಶವಿರುತ್ತಿತ್ತು.

ಕಾರಣ ಫೋನಿನಲ್ಲಿರಲಿಲ್ಲ, ಮನೆಯ ರೌಟರಿನಲ್ಲಿಯೂ ಇರಲಿಲ್ಲ. ಸಂಪರ್ಕವನ್ನು ಪರೀಕ್ಷಿಸಲು ಫೋನು ಆಪಲ್ ತಾಣದಲ್ಲಿನ ಒಂದು ನಿರ್ದಿಷ್ಟ ಪುಟವನ್ನು ಕೇಳುತ್ತಿತ್ತು. ಯಶಸ್ಸು ಎಂಬರ್ಥದ ಒಂದೇ ಇಂಗ್ಲಿಷ್ ಪದವಿದ್ದ ಪುಟ ಅದು. ಆ ಪದ ಬಂದರೆ ಅಂತರಜಾಲವಿದೆ. ಬೇರೇನಾದರೂ ಬಂದರೆ ನಡುವೆ ಯಾವುದೋ ಲಾಗಿನ್ ಪುಟ ಅಡ್ಡ ನಿಂತಿದೆ ಎಂಬುದು ಫೋನಿನ ಲೆಕ್ಕಾಚಾರ. ಅಂದು ಆ ಪುಟವೇ ಸರ್ವರಿನಲ್ಲಿ ಇಲ್ಲವಾಗಿತ್ತು. ಹೀಗಾಗಿ ಸಂಪೂರ್ಣ ಸುಸ್ಥಿತಿಯಲ್ಲಿದ್ದ ಮನೆಯ ಜಾಲವನ್ನು ಫೋನು ಹೋಟೆಲಿನ ಜಾಲವೆಂದು ತಿಳಿಯಿತು. ಪುಟವನ್ನು ಮರಳಿ ಸ್ಥಾಪಿಸಿದ ಮೇಲೆ ಈ ತೊಂದರೆ ತಾನಾಗಿಯೇ ನಿಂತಿತು. ಆ ಹೊತ್ತಿನಲ್ಲಿ ರೌಟರನ್ನು ಎಷ್ಟು ಬಾರಿ ಆರಿಸಿ ಹಚ್ಚಿದ್ದರೂ ಪ್ರಯೋಜನವಿರಲಿಲ್ಲ. ಕೆಲವು ಗಂಟೆ ಕಾಯುವುದೇ ಸರಿಯಾದ ಉಪಾಯವಾಗಿತ್ತು.

ಅದೇ ಆವೃತ್ತಿಗೆ ಸಂಬಂಧಿಸಿದ ಇನ್ನೊಂದು ತೊಂದರೆ ನಿಜವಾದ ತಂತ್ರಾಂಶ ದೋಷವಾಗಿತ್ತು. ಐಫೋನ್ 5 ಮತ್ತು ಐದನೆಯ ತಲೆಮಾರಿನ ಐಪಾಡ್ ಟಚ್ ಸಾಧನಗಳು ಡಬ್ಲ್ಯೂಪಿಎ2 ಗೂಢಲಿಪಿಯ ಜಾಲಗಳೊಡನೆ ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. 2012ರ ನವೆಂಬರ್‌ನಲ್ಲಿ ಬಂದ 6.0.1 ಆವೃತ್ತಿ ಇದನ್ನು ಸುಧಾರಿಸಿತು. ಅಮೆರಿಕದ ವೆರೈಝನ್ ಸಂಸ್ಥೆಯ ಗ್ರಾಹಕರ ಐಫೋನ್ 5 ಸಾಧನಗಳು ವೈ-ಫೈ ಸಂಪರ್ಕದಲ್ಲಿದ್ದಾಗಲೂ ಕೆಲವು ಸಂದರ್ಭಗಳಲ್ಲಿ ಮೊಬೈಲ್ ಡೇಟಾವನ್ನೇ ಬಳಸುತ್ತಿದ್ದವು. ಇದಕ್ಕೂ ಪ್ರತ್ಯೇಕ ತಿದ್ದುಪಡಿ ಬಂದಿತು.

ಇಂದಿನ ಆಂಡ್ರಾಯ್ಡ್ ಫೋನುಗಳೂ ಇಂಥದೇ ಪರೀಕ್ಷೆ ನಡೆಸುತ್ತವೆ. ಅವು ಗೂಗಲ್‌ನ ಸರ್ವರಿನಿಂದ 204 ಸಂಖ್ಯೆಯ ಖಾಲಿ ಉತ್ತರವನ್ನು ನಿರೀಕ್ಷಿಸುತ್ತವೆ. ಉತ್ತರ ಬಾರದಿದ್ದರೆ ಫೋನು ವೈ-ಫೈಯನ್ನು ನಂಬದೆ ಮೊಬೈಲ್ ಡೇಟಾಗೆ ಹೊರಳುತ್ತದೆ. 2015ರ ಐಒಎಸ್ 9ರಿಂದ ಐಫೋನುಗಳಲ್ಲಿರುವ ವೈ-ಫೈ ಅಸಿಸ್ಟ್ ಎಂಬ ಸೌಲಭ್ಯವೂ ದುರ್ಬಲ ಸಂಕೇತವಿದ್ದಾಗ ಹೀಗೆಯೇ ವರ್ತಿಸುತ್ತದೆ. ದಿನಕ್ಕೆ ಇಷ್ಟೇ ಎಂದು ಡೇಟಾ ಮಿತಿಯಿರುವ ಚಂದಾದಾರರಿಗೆ ವೈ-ಫೈ ಕೆಟ್ಟಿರುವುದು ಗೊತ್ತಾಗುವುದೇ ಮಧ್ಯಾಹ್ನದೊಳಗೆ ಮಿತಿ ಮುಗಿದ ಸಂದೇಶ ಬಂದಾಗ.

ಖಾಸಗಿ ವಿಳಾಸ ಮತ್ತು ರೌಟರಿನ ಪಟ್ಟಿ

ಪ್ರತಿ ವೈ-ಫೈ ಸಾಧನಕ್ಕೂ ಮ್ಯಾಕ್ ವಿಳಾಸವೆಂಬ ಹನ್ನೆರಡು ಅಂಕಿ-ಅಕ್ಷರಗಳ ಗುರುತು ಇರುತ್ತದೆ. ಇದು ಎಲ್ಲೆಡೆ ಒಂದೇ ಆಗಿದ್ದರೆ ಅಂಗಡಿ, ಮಾಲ್, ನಿಲ್ದಾಣಗಳ ಜಾಲಗಳು ವ್ಯಕ್ತಿಯ ಚಲನವಲನವನ್ನು ಹಿಂಬಾಲಿಸಬಹುದು. ಇದನ್ನು ತಪ್ಪಿಸಲು 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14 ಆವೃತ್ತಿಗಳು ಪ್ರತಿ ಜಾಲಕ್ಕೂ ಬೇರೆ ಬೇರೆ ಯಾದೃಚ್ಛಿಕ ವಿಳಾಸವನ್ನು ತೋರಿಸುವುದನ್ನು ಸಹಜ ಕ್ರಮವಾಗಿಸಿದವು. ಖಾಸಗಿತನದ ದೃಷ್ಟಿಯಿಂದ ಇದು ಒಳ್ಳೆಯ ಬದಲಾವಣೆಯೇ. ಆದರೆ ಮನೆಯ ರೌಟರಿನ ಕಣ್ಣಿಗೆ ನವೀಕರಣಗೊಂಡ ಹಳೆಯ ಫೋನು ಅಪರಿಚಿತ ಸಾಧನವಾಗಿಬಿಡುತ್ತದೆ.

ಅನುಮತಿಸಿದ ಮ್ಯಾಕ್ ವಿಳಾಸಗಳಿಗೆ ಮಾತ್ರ ಪ್ರವೇಶ ಕೊಡುವಂತೆ ರೌಟರನ್ನು ಹೊಂದಿಸಿರುವ ಮನೆಗಳಲ್ಲಿ ಇದರ ಪರಿಣಾಮ ತಕ್ಷಣ ಕಾಣುತ್ತದೆ: ಮನೆಯ ಉಳಿದೆಲ್ಲ ಸಾಧನಗಳು ಸರಿಯಾಗಿದ್ದು, ನವೀಕರಿಸಿದ ಒಂದು ಫೋನು ಮಾತ್ರ ಹೊರಗುಳಿಯುತ್ತದೆ. ಎಂದೋ ಆ ಪಟ್ಟಿಯನ್ನು ಮಾಡಿಕೊಟ್ಟು ಹೋದ ಕೇಬಲ್ ಸಂಸ್ಥೆಯ ಹುಡುಗನನ್ನು ಬಿಟ್ಟರೆ ಅದರ ಅಸ್ತಿತ್ವವೇ ಮನೆಯವರಿಗೆ ತಿಳಿದಿರುವುದಿಲ್ಲ. ಮಕ್ಕಳ ಫೋನಿಗೆ ವೇಳೆಯ ಮಿತಿ ವಿಧಿಸಿರುವಲ್ಲಿ ಪರಿಣಾಮ ತಿರುವುಮುರುವಾಗುತ್ತದೆ. ಹೊಸ ವಿಳಾಸ ಪಡೆದ ಫೋನು ಮಿತಿಯಿಂದ ಪಾರಾಗುತ್ತದೆ. ಈ ಬಗ್ಗೆ ದೂರು ಬರುವುದು ಅಪರೂಪ.

ಫೋನು ತೋರಿಸುತ್ತಿರುವುದು ಯಾದೃಚ್ಛಿಕ ವಿಳಾಸವೇ ಎಂಬುದನ್ನು ತಿಳಿಯಲು ಸುಲಭ ಗುರುತೊಂದಿದೆ. ವಿಳಾಸದ ಎರಡನೆಯ ಸ್ಥಾನದಲ್ಲಿ 2, 6, ಎ ಅಥವಾ ಇ ಇದ್ದರೆ ಅದು ಕಾರ್ಖಾನೆಯಲ್ಲಿ ಕೊಟ್ಟ ವಿಳಾಸವಲ್ಲ. ಪರಿಹಾರವಾಗಿ, ಮನೆಯ ಜಾಲಕ್ಕಷ್ಟೇ ಖಾಸಗಿ ವಿಳಾಸವನ್ನು ನಿಲ್ಲಿಸಬಹುದು ಅಥವಾ ಹೊಸ ವಿಳಾಸವನ್ನು ರೌಟರಿನ ಪಟ್ಟಿಗೆ ಸೇರಿಸಬಹುದು. 2024ರ ಐಒಎಸ್ 18ರಲ್ಲಿ ಈ ಸೌಲಭ್ಯಕ್ಕೆ ನಿಲುಗಡೆ, ಸ್ಥಿರ ಮತ್ತು ಬದಲಾಗುವ ಎಂಬ ಮೂರು ಆಯ್ಕೆಗಳಿವೆ. ಪಟ್ಟಿ ಇಟ್ಟುಕೊಂಡಿರುವ ಮನೆಗಳಿಗೆ ಬದಲಾಗುವ ಆಯ್ಕೆ ಹೊಂದುವುದಿಲ್ಲ. ಮ್ಯಾಕ್ ವಿಳಾಸವನ್ನು ನಕಲು ಮಾಡುವುದು ಸುಲಭವಾದ್ದರಿಂದ ಇಂತಹ ಪಟ್ಟಿ ಭದ್ರತೆಯನ್ನೇನೂ ಹೆಚ್ಚಿಸುವುದಿಲ್ಲ. ಅದನ್ನೇ ತೆಗೆದುಹಾಕಿ ಬಲವಾದ ಪಾಸ್‌ವರ್ಡ್ ಇಡುವುದು ಮೇಲು.

ದೋಷದ ನೆಲೆ ಗುರುತಿಸುವಿಕೆ

ಯಾವುದೇ ಸೆಟ್ಟಿಂಗನ್ನು ಮುಟ್ಟುವ ಮುನ್ನ ಎರಡು ಪರೀಕ್ಷೆಗಳನ್ನು ಮಾಡಬೇಕು. ಮನೆಯ ಇನ್ನೊಂದು ಫೋನು ಅಥವಾ ಲ್ಯಾಪ್‌ಟಾಪು ಅದೇ ವೈ-ಫೈಯಲ್ಲಿ ಕೆಲಸ ಮಾಡುತ್ತಿದೆಯೇ ಎಂದು ನೋಡುವುದು ಮೊದಲನೆಯದು. ನವೀಕರಿಸಿದ ಫೋನನ್ನು ಬೇರೊಂದು ಜಾಲಕ್ಕೆ, ಉದಾಹರಣೆಗೆ ಮನೆಯವರ ಫೋನಿನ ಹಾಟ್‌ಸ್ಪಾಟಿಗೆ, ಜೋಡಿಸಿ ನೋಡುವುದು ಎರಡನೆಯದು. ಉಳಿದ ಸಾಧನಗಳಲ್ಲೂ ಅಂತರಜಾಲವಿಲ್ಲದಿದ್ದರೆ ನವೀಕರಣಕ್ಕೂ ತೊಂದರೆಗೂ ಸಂಬಂಧವಿಲ್ಲ. ಎರಡೂ ಒಂದೇ ದಿನ ಘಟಿಸಿವೆ ಅಷ್ಟೆ. ಫೋನು ಹಾಟ್‌ಸ್ಪಾಟಿನಲ್ಲಿ ಸರಿಯಾಗಿದ್ದು ಮನೆಯ ಜಾಲದಲ್ಲಿ ಮಾತ್ರ ಸೋತರೆ, ಆ ಫೋನಿಗೂ ಆ ರೌಟರಿಗೂ ನಡುವಿನ ಹೊಂದಾಣಿಕೆ ಕೆಟ್ಟಿದೆ ಎಂದರ್ಥ, ಮತ್ತು ಇದನ್ನು ಬಹುತೇಕ ಮನೆಯಲ್ಲಿಯೇ ಸರಿಪಡಿಸಬಹುದು. ಎಲ್ಲ ಜಾಲಗಳಲ್ಲೂ ಸೋತರೆ ದೋಷ ಫೋನಿನದು.

ಸಂಪರ್ಕವಿದ್ದು ನಿಧಾನವಾಗಿದ್ದರೆ ಒಂದೆರಡು ದಿನ ಕಾದು ನೋಡುವುದು ಒಳಿತು. ದೊಡ್ಡ ನವೀಕರಣದ ಬಳಿಕ ಫೋನು ಹಿನ್ನೆಲೆಯಲ್ಲಿ ಆ್ಯಪ್‌ಗಳನ್ನು ಹೊಸದಾಗಿಸಿಕೊಳ್ಳುತ್ತ, ಛಾಯಾಚಿತ್ರಗಳನ್ನು ವಿಂಗಡಿಸುತ್ತ, ಕಡತಗಳ ಸೂಚಿಯನ್ನು ಮರುರಚಿಸುತ್ತಿರುತ್ತದೆ.

ಪರಿಹಾರ ಕ್ರಮಗಳು

ಕಡಿಮೆ ಹಾನಿಯ ಕ್ರಮದಿಂದ ಹೆಚ್ಚು ಹಾನಿಯ ಕ್ರಮದತ್ತ ಸಾಗುವುದು ಇಲ್ಲಿನ ನಿಯಮ. ಫೋನನ್ನು ಪೂರ್ತಿ ಆರಿಸಿ ಮತ್ತೆ ಹಚ್ಚುವುದರಿಂದ ಆರಂಭಿಸಬೇಕು. ಬಳಿಕ ರೌಟರಿನ ವಿದ್ಯುತ್ತನ್ನು ಅರ್ಧ ನಿಮಿಷ ತೆಗೆದು ಮತ್ತೆ ಕೊಡಬೇಕು. ಕೆಲವು 5 ಗಿಗಾಹರ್ಟ್ಸ್ ವಾಹಿನಿಗಳನ್ನು ಬಳಸುವ ರೌಟರುಗಳು ಹೊತ್ತಿಕೊಂಡ ಮೇಲೆ ರೇಡಾರ್ ಸಂಕೇತಗಳಿವೆಯೇ ಎಂದು ಕನಿಷ್ಠ ಒಂದು ನಿಮಿಷ ಆಲಿಸಿ ಅನಂತರವೇ ಪ್ರಸಾರ ಆರಂಭಿಸುತ್ತವೆಯಾದ್ದರಿಂದ ಆ ಜಾಲದ ಹೆಸರು ಕೂಡಲೇ ಕಾಣದಿದ್ದರೆ ಗಾಬರಿಯಾಗಬೇಕಿಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. ರೌಟರನ್ನು ಆರಿಸಿ ಹಚ್ಚುವುದು ಬೇರೆ, ಅದರ ಹಿಂಬದಿಯ ಸಣ್ಣ ರಂಧ್ರದಲ್ಲಿ ಪಿನ್ನು ಚುಚ್ಚಿ ರೀಸೆಟ್ ಮಾಡುವುದು ಬೇರೆ. ಎರಡನೆಯದು ವೈ-ಫೈ ಹೆಸರು, ಪಾಸ್‌ವರ್ಡುಗಳ ಜೊತೆಗೆ ಸೇವಾದಾತರು ತುಂಬಿಸಿದ ಲಾಗಿನ್ ವಿವರಗಳನ್ನೂ ಅಳಿಸಬಹುದು. ಆಗ ಒಂದು ಫೋನಿನ ತೊಂದರೆ ಇಡೀ ಮನೆಯ ತೊಂದರೆಯಾಗಿ, ಸೇವಾದಾತರ ಸಿಬ್ಬಂದಿ ಬರುವವರೆಗೆ ಕಾಯಬೇಕಾಗುತ್ತದೆ.

ಮುಂದಿನ ಕ್ರಮ, ಫೋನಿನಲ್ಲಿ ಉಳಿದಿರುವ ಜಾಲದ ನೆನಪನ್ನು ಫರ್ಗೆಟ್ ಆಯ್ಕೆಯಿಂದ ಅಳಿಸಿ ಪಾಸ್‌ವರ್ಡ್ ಕೊಟ್ಟು ಮತ್ತೆ ಸೇರುವುದು. ಹಳೆಯ ಆವೃತ್ತಿಯಲ್ಲಿ ಉಳಿಸಿದ್ದ ವಿವರ ಹೊಸ ಆವೃತ್ತಿಗೆ ಹೊಂದದಿದ್ದಾಗ ಇದು ಚೆನ್ನಾಗಿ ಫಲಿಸುತ್ತದೆ. ಪಾಸ್‌ವರ್ಡ್ ತಿಳಿದಿದೆ ಎಂದು ಖಚಿತಪಡಿಸಿಕೊಂಡೇ ಇದನ್ನು ಮಾಡಬೇಕು. ಐಕ್ಲೌಡ್ ಕೀಚೈನ್ ಬಳಸುವವರ ಐಫೋನಿನಲ್ಲಿ ಮರೆಸಿದ ಜಾಲವು ಅದೇ ಖಾತೆಯ ಐಪ್ಯಾಡ್, ಮ್ಯಾಕ್‌ಗಳಿಂದಲೂ ಮರೆಯಾಗಬಹುದು.

ಸಂಪರ್ಕವಿದ್ದೂ ಪುಟ ತೆರೆಯದಿದ್ದರೆ ಫೋನಿನ ದಿನಾಂಕ ಮತ್ತು ಸಮಯವನ್ನು ಮೊದಲು ನೋಡಬೇಕು. ಸುರಕ್ಷಿತ ತಾಣಗಳ ಪ್ರಮಾಣಪತ್ರಗಳಿಗೆ ಅವಧಿ ಇರುವುದರಿಂದ ಗಡಿಯಾರ ತಪ್ಪಿದರೆ ಯಾವ ಸುರಕ್ಷಿತ ತಾಣವೂ ತೆರೆಯುವುದಿಲ್ಲ. ವಿಪಿಎನ್ ಮತ್ತು ಜಾಹೀರಾತು ತಡೆಯುವ ಆ್ಯಪ್‌ಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ ನೋಡಬೇಕು; ಹೊಸ ಆವೃತ್ತಿಗೆ ಇನ್ನೂ ಹೊಂದಿಕೊಳ್ಳದ ಇಂತಹ ಆ್ಯಪ್‌ಗಳು ಎಲ್ಲ ಸಂಚಾರವನ್ನೂ ತಡೆಹಿಡಿಯಬಲ್ಲವು. 2018ರ ಆಂಡ್ರಾಯ್ಡ್ 9ರಿಂದ ಇರುವ ಪ್ರೈವೇಟ್ ಡಿಎನ್‌ಎಸ್ ಆಯ್ಕೆಯಲ್ಲಿ ನಿರ್ದಿಷ್ಟ ಸರ್ವರಿನ ಹೆಸರು ಬರೆದಿದ್ದು ಅದು ದೊರೆಯದಿದ್ದರೆ, ಫೋನು ಬೇರೆ ದಾರಿ ಹುಡುಕದೆ ಸುಮ್ಮನಾಗುತ್ತದೆ. ಅದನ್ನು ಸ್ವಯಂಚಾಲಿತ ಎಂಬುದಕ್ಕೆ ಮರಳಿಸುವುದು ಸಾಕು.

ರೌಟರಿನ ಕಡೆಯಿಂದ, 2.4 ಮತ್ತು 5 ಗಿಗಾಹರ್ಟ್ಸ್ ಜಾಲಗಳಿಗೆ ತಾತ್ಕಾಲಿಕವಾಗಿ ಬೇರೆ ಬೇರೆ ಹೆಸರು ಕೊಟ್ಟರೆ ಯಾವುದರಲ್ಲಿ ತೊಂದರೆ ಎಂದು ತಿಳಿಯುತ್ತದೆ. ಡಬ್ಲ್ಯೂಪಿಎ2 ಮತ್ತು ಡಬ್ಲ್ಯೂಪಿಎ3 ಎರಡನ್ನೂ ಒಟ್ಟಿಗೆ ಕೊಡುವ ಮಿಶ್ರ ಕ್ರಮದಲ್ಲಿ ಕೆಲವು ಫೋನುಗಳು ಎಡವುತ್ತವೆ. ಒಂದನ್ನೇ ಆರಿಸಿ ಪರೀಕ್ಷಿಸಬಹುದು. 12 ಅಥವಾ 13ನೆಯ ವಾಹಿನಿಯಲ್ಲಿರುವ ರೌಟರನ್ನು 1, 6 ಅಥವಾ 11ಕ್ಕೆ ಬದಲಿಸುವುದೂ ಉಪಯುಕ್ತ, ಏಕೆಂದರೆ ಅಮೆರಿಕದ ಹೊಂದಾಣಿಕೆಯಲ್ಲಿರುವ ಫೋನುಗಳಿಗೆ ಮೊದಲಿನವು ಕಾಣಿಸದಿರಬಹುದು. ರೌಟರಿನ ಸ್ವಂತ ತಂತ್ರಾಂಶಕ್ಕೂ ನವೀಕರಣಗಳಿರುತ್ತವೆ ಎಂಬುದನ್ನು ಅನೇಕರು ಮರೆತಿರುತ್ತಾರೆ.

ಇವೆಲ್ಲ ವಿಫಲವಾದರೆ ಫೋನಿನ ನೆಟ್‌ವರ್ಕ್ ಸೆಟ್ಟಿಂಗುಗಳನ್ನು ರೀಸೆಟ್ ಮಾಡಬಹುದು. ಐಫೋನಿನಲ್ಲಿ ಇದು ಜನರಲ್ ವಿಭಾಗದ ಕೊನೆಯಲ್ಲಿ, ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಸಿಸ್ಟಮ್ ವಿಭಾಗದ ರೀಸೆಟ್ ಆಯ್ಕೆಗಳಲ್ಲಿ ಇರುತ್ತದೆ. ಛಾಯಾಚಿತ್ರ, ಸಂದೇಶ, ಆ್ಯಪ್‌ಗಳಿಗೆ ಇದರಿಂದ ಧಕ್ಕೆಯಿಲ್ಲ. ಉಳಿಸಿದ ವೈ-ಫೈ ಪಾಸ್‌ವರ್ಡುಗಳು ಹೋಗುತ್ತವೆ. ಆಂಡ್ರಾಯ್ಡ್‌ನಲ್ಲಿ ಬ್ಲೂಟೂತ್ ಜೋಡಣೆಗಳೂ ಹೋಗಬಹುದು. ಇಡೀ ಫೋನನ್ನು ಅಳಿಸುವ ಫ್ಯಾಕ್ಟರಿ ರೀಸೆಟ್ ಇದೇ ಪಟ್ಟಿಯಲ್ಲಿ ಪಕ್ಕದಲ್ಲಿಯೇ ಇರುವುದರಿಂದ ಒತ್ತುವ ಮುನ್ನ ಹೆಸರನ್ನು ಎರಡು ಬಾರಿ ಓದಬೇಕು.

ಯಂತ್ರಾಂಶದ ದೋಷ

ವೈ-ಫೈ ಗುಂಡಿಯೇ ಬೂದುಬಣ್ಣಕ್ಕೆ ತಿರುಗಿ ಒತ್ತಲು ಬಾರದಿದ್ದರೆ ಅದು ಬೇರೆಯೇ ಬಗೆಯ ಸಮಸ್ಯೆ. 2013ರಲ್ಲಿ ಐಒಎಸ್ 7 ಬಂದಾಗ ಅನೇಕ ಐಫೋನ್ 4ಎಸ್ ಬಳಕೆದಾರರು ಈ ದೂರನ್ನು ಹೇಳಿದರು. ಆಗ ಫೋನನ್ನು ಫ್ರೀಜರಿನಲ್ಲಿಡುವ ಮತ್ತು ಹೇರ್ ಡ್ರೈಯರಿನಿಂದ ಬಿಸಿಮಾಡುವ ಮನೆಮದ್ದುಗಳು ವ್ಯಾಪಕವಾಗಿ ಹರಡಿದವು. ತಣ್ಣಗಾದ ಫೋನಿನೊಳಗೆ ತೇವ ಸಾಂದ್ರವಾಗುತ್ತದೆ. ಅತಿಯಾದ ಶಾಖ ಬ್ಯಾಟರಿಗೆ ಅಪಾಯಕಾರಿ. ಇಂತಹ ಫೋನನ್ನು ದುರಸ್ತಿ ಕೇಂದ್ರಕ್ಕೆ ಒಯ್ಯುವುದೊಂದೇ ದಾರಿ.

ನವೀಕರಣವನ್ನು ಮುಂದೂಡುವುದು

ಒಮ್ಮೆ ಕಹಿ ಅನುಭವವಾದವರು ಮುಂದಿನ ನವೀಕರಣಗಳನ್ನೇ ನಿಲ್ಲಿಸುವುದುಂಟು. 2017ರ ಅಕ್ಟೋಬರ್‌ನಲ್ಲಿ ಬೆಲ್ಜಿಯಮ್‌ನ ಸಂಶೋಧಕ ಮ್ಯಾಥಿ ವ್ಯಾನ್‌ಹೂಫ್ ಬಹಿರಂಗಪಡಿಸಿದ ಕ್ರ್ಯಾಕ್ ಎಂಬ ದೌರ್ಬಲ್ಯ ಡಬ್ಲ್ಯೂಪಿಎ2ರ ಕೀಲಿ ವಿನಿಮಯದಲ್ಲಿಯೇ ಇತ್ತು. ಹತ್ತಿರದಲ್ಲಿರುವ ದಾಳಿಕೋರನು ಫೋನಿನ ಸಂಚಾರವನ್ನು ಓದಲು ಅದು ಅವಕಾಶ ಕೊಡುತ್ತಿತ್ತು. ಪಾಸ್‌ವರ್ಡ್ ಬದಲಿಸಿದರೆ ಪರಿಹಾರವಾಗುತ್ತಿರಲಿಲ್ಲ, ಫೋನನ್ನು ನವೀಕರಿಸಲೇಬೇಕಿತ್ತು. ಹೊಸ ಪ್ರಮುಖ ಆವೃತ್ತಿ ಬಂದಾಗ ಮೊದಲ ತಿದ್ದುಪಡಿಯವರೆಗೆ ಕೆಲವು ವಾರ ಕಾಯುವುದು, ಭದ್ರತಾ ತಿದ್ದುಪಡಿಗಳನ್ನು ಮಾತ್ರ ತಡಮಾಡದೆ ಅಳವಡಿಸುವುದು ಇವೆರಡರ ನಡುವಿನ ದಾರಿ.

ಹಳೆಯ ಆವೃತ್ತಿಗೆ ಮರಳುವುದು ಸಾಮಾನ್ಯ ಬಳಕೆದಾರನಿಗೆ ಸುಲಭವಲ್ಲ. ಹೊಸ ಆವೃತ್ತಿ ಬಂದು ಸ್ವಲ್ಪ ಕಾಲದ ಬಳಿಕ ಆಪಲ್ ಹಳೆಯದಕ್ಕೆ ಡಿಜಿಟಲ್ ಸಹಿ ಕೊಡುವುದನ್ನು ನಿಲ್ಲಿಸುತ್ತದೆ. ಸಹಿಯಿಲ್ಲದ ಆವೃತ್ತಿಯನ್ನು ಐಫೋನು ಸ್ವೀಕರಿಸುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಇದಕ್ಕಾಗಿ ಬೂಟ್‌ಲೋಡರ್ ತೆರೆದರೆ ಫೋನಿನಲ್ಲಿರುವ ದತ್ತಾಂಶವೆಲ್ಲ ಅಳಿಸಿಹೋಗುತ್ತದೆ.