ವಿಮಾನದ ಬ್ರೇಕ್ ಎತ್ತುವವರು ಯಾರು?

ವಿಮಾನ ಎಂದರೆ ನಮಗೆ ಥಟ್ಟನೆ ನೆನಪಾಗುವುದು ರೆಕ್ಕೆ, ಜೆಟ್ ಎಂಜಿನ್, ಕಾಕ್‌ಪಿಟ್. ಮೆಕ್ಯಾನಿಕಲ್ ಓದುತ್ತಿರುವ ನನ್ನ ಗೆಳೆಯರ ಏರೋಸ್ಪೇಸ್ ಕನಸುಗಳೂ ಅಲ್ಲೇ ಸುತ್ತುತ್ತವೆ. ನೆಲಕ್ಕಿಳಿದ ವಿಮಾನವನ್ನು ನಿಲ್ಲಿಸುವ ಬ್ರೇಕ್ ಬಗ್ಗೆ ಮಾತನಾಡುವವರು ಕಡಿಮೆ. ಸವೆದ ಬ್ರೇಕನ್ನು ಬಿಚ್ಚಿ ಹೊಸದನ್ನು ಕೂರಿಸುವಾಗ ಆ ಭಾರ ಹೊರುವುದು ಯಾರು ಎಂದು ಕೇಳುವವರಂತೂ ಇನ್ನೂ ಕಡಿಮೆ.

ಮೊದಲು ಭಾರ ಏಕೆ ಎಂಬುದನ್ನು ನೋಡೋಣ. 70 ಟನ್ ತೂಕದ ವಿಮಾನ ಸೆಕೆಂಡಿಗೆ 70 ಮೀಟರ್, ಅಂದರೆ ಗಂಟೆಗೆ ಸುಮಾರು 250 ಕಿ.ಮೀ. ವೇಗದಲ್ಲಿ ಓಡುತ್ತಿದೆ. ಅಷ್ಟರಲ್ಲಿ ಪೈಲಟ್ ಟೇಕಾಫ್ ರದ್ದು ಮಾಡುತ್ತಾರೆ ಎಂದುಕೊಳ್ಳಿ. ಪಿಯುಸಿಯಲ್ಲಿ ಕಲಿತ ಚಲನಶಕ್ತಿಯ ಸೂತ್ರಕ್ಕೆ ಈ ಅಂಕಿಗಳನ್ನು ಹಾಕಿದರೆ ಬರುವುದು ಸುಮಾರು 17 ಕೋಟಿ ಜೂಲ್. 100 ಕಿ.ಮೀ. ವೇಗದಲ್ಲಿ ಓಡುವ ಒಂದೂವರೆ ಟನ್ ಕಾರಿಗಿಂತ ಸುಮಾರು 300 ಪಟ್ಟು ಹೆಚ್ಚು! ಏರ್‌ಬಸ್ ಎ320 ವಿಮಾನದಲ್ಲಿ ಇದರ ಬಹುಪಾಲನ್ನು ನಾಲ್ಕೇ ಚಕ್ರಗಳ ಬ್ರೇಕ್‌ಗಳು ಶಾಖವಾಗಿ ನುಂಗಬೇಕು.

ಅದಕ್ಕೇ ಒಂದೊಂದು ಬ್ರೇಕ್ ಘಟಕದಲ್ಲೂ ಚಕ್ರದ ಜೊತೆ ತಿರುಗುವ ಮತ್ತು ತಿರುಗದೆ ನಿಲ್ಲುವ ಹಲವು ಡಿಸ್ಕ್‌ಗಳು ಒಂದರ ಪಕ್ಕ ಒಂದು ಜೋಡಣೆಯಾಗಿರುತ್ತವೆ. ಪಿಸ್ಟನ್‌ಗಳು ಇವನ್ನು ಒತ್ತಿ ಹಿಡಿಯುತ್ತವೆ. ಕಾಂಕಾರ್ಡ್ ಕಾಲದಿಂದ ಬಳಕೆಗೆ ಬಂದ ಕಾರ್ಬನ್ ಡಿಸ್ಕ್‌ಗಳು ಉಕ್ಕಿನವಕ್ಕಿಂತ ಹಗುರ. ಆದರೂ ದೊಡ್ಡ ವಿಮಾನಗಳಲ್ಲಿ ಇಡೀ ಘಟಕದ ತೂಕ 100 ಕೆ.ಜಿ. ದಾಟುತ್ತದೆ. ಬೋಯಿಂಗ್ 777ರಲ್ಲಿ ಇಂಥ ಬ್ರೇಕ್‌ಗಳು 12.

ಬ್ರೇಕ್ ಎಷ್ಟು ಸವೆದಿದೆ ಎಂದು ತೋರಿಸಲು ಒಂದು ಪುಟ್ಟ ಪಿನ್ ಇರುತ್ತದೆ. ಬ್ರೇಕ್ ಒತ್ತಿದಾಗ ಅದು ಹೊರಗೆ ಚಾಚದೆ ಮಟ್ಟಕ್ಕೆ ಬಂದರೆ ಬದಲಿಸುವ ಸಮಯ ಬಂತು ಎಂದರ್ಥ. ಬ್ರೇಕ್ ತಣ್ಣಗಾದ ಮೇಲೆ ಆಕ್ಸಲ್‌ಗೆ ಜ್ಯಾಕ್ ಕೊಟ್ಟು ಚಕ್ರ ತೆಗೆಯಬೇಕು. ಹೈಡ್ರಾಲಿಕ್ ಒತ್ತಡ ಇಳಿಸಿ ಪೈಪು, ವೈರು, ಬೋಲ್ಟು ಬಿಚ್ಚಬೇಕು. ಕಷ್ಟ ಇರುವುದು ಆಮೇಲೆ. ಆಕ್ಸಲ್ ಮೇಲೆ ಕುಳಿತಿರುವಷ್ಟು ಹೊತ್ತು ಭಾರ ಗೊತ್ತಾಗುವುದಿಲ್ಲ. ಎಳೆಯುತ್ತ ತುದಿ ದಾಟಿದ ಕ್ಷಣವೇ ಇಡೀ ತೂಕ ಒಮ್ಮೆಲೇ ಕೈಗೆ ಬರುತ್ತದೆ. ಬೆರಳು ಸಿಕ್ಕಿಕೊಳ್ಳುವುದು, ಸೊಂಟ ಹಿಡಿಯುವುದು, ಆಕ್ಸಲ್‌ಗೆ ಗೀರು ಬೀಳುವುದು ಇಂಥ ಹೊತ್ತಿನಲ್ಲೇ.

ಕೆಲಸಗಾರರ ಆರೋಗ್ಯ ಕುರಿತು ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಎಲ್ಲವೂ ಅನುಕೂಲವಾಗಿದ್ದರೂ ಒಬ್ಬರು ಎತ್ತಬಹುದಾದ ಭಾರದ ಮಿತಿ 23 ಕೆ.ಜಿ. ಬಗ್ಗಿ ಎತ್ತಿದರೆ, ಭಾರ ಮೈಯಿಂದ ದೂರವಿದ್ದರೆ, ಸೊಂಟ ತಿರುಗಿಸಿದರೆ ಮಿತಿ ಇನ್ನೂ ಇಳಿಯುತ್ತದೆ. ವಿಮಾನದ ಕೆಳಗೆ ಈ ಮೂರೂ ಒಟ್ಟಿಗೇ ಬರುತ್ತವೆ.

ನನ್ನ ತಂದೆ ಲಾರಿ ಮೆಕ್ಯಾನಿಕ್. ಬ್ರೇಕ್ ಡ್ರಮ್ ಇಳಿಸುವಾಗ ಇಬ್ಬರು ಹಿಡಿದು ಉಸಿರು ಬಿಗಿಹಿಡಿದು ಎಳೆಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಐವತ್ತು ತುಂಬುವ ಮೊದಲೇ ಅಪ್ಪನ ಸೊಂಟಕ್ಕೆ ಬೆಲ್ಟ್ ಬಂದಿದೆ. ‘ಕಬ್ಬಿಣದ ಕೆಲಸ ಕಣಪ್ಪ, ಸೊಂಟ ಹೋಗೇ ಹೋಗುತ್ತೆ’ ಎನ್ನುತ್ತಾರೆ. ಹೋಗಲೇಬೇಕಿಲ್ಲ ಎಂದು ಹೇಳುವ ಧೈರ್ಯ ನನಗೆ ಕೊಟ್ಟಿದ್ದು ವಿಮಾನ ನಿಲ್ದಾಣಗಳಲ್ಲಿ ಬಳಸುವ ಬ್ರೇಕ್ ಡಾಲಿ.

ಚಕ್ರಗಳಿರುವ ತಗ್ಗಾದ ಗಾಡಿ, ಮೇಲೆ ಬ್ರೇಕನ್ನು ಅಪ್ಪಿ ಹಿಡಿಯುವ ತೊಟ್ಟಿಲು, ಕೈಯಿಂದ ಒತ್ತುವ ಹೈಡ್ರಾಲಿಕ್ ಪಂಪ್. ಇಷ್ಟೇ. 10 ಮಿ.ಮೀ. ವ್ಯಾಸದ ಪಿಸ್ಟನ್ ಒತ್ತಿ 40 ಮಿ.ಮೀ. ಪಿಸ್ಟನ್ ಎತ್ತಿದರೆ ಬಲ 16 ಪಟ್ಟಾಗುತ್ತದೆ. ಹಿಡಿಕೆಯ ಸನ್ನೆ ಇನ್ನೂ 10 ಪಟ್ಟು ಕೊಟ್ಟರೆ ಒಟ್ಟು 160. ಘರ್ಷಣೆ ಬಿಟ್ಟು ಲೆಕ್ಕ ಹಾಕಿದರೆ 100 ಕೆ.ಜಿ.ಗೆ ಒಂದು ಕೆ.ಜಿ.ಯಷ್ಟು ಬಲವೂ ಬೇಡ!

ಆದರೆ ಬಲಕ್ಕಿಂತ ಬಿಗಿಯಾದ ಸವಾಲು ಹೊಂದಾಣಿಕೆಯದು. ಹೊಸ ಬ್ರೇಕ್‌ನ ತೂತುಗಳು ಬೋಲ್ಟಿನ ಜಾಗಕ್ಕೆ ಸರಿಯಾಗಿ ಕೂರಬೇಕು. ಅದಕ್ಕಾಗಿ ತೊಟ್ಟಿಲು ಮೇಲೆ ಕೆಳಗೆ ಹೋಗುವುದಷ್ಟೇ ಅಲ್ಲ, ತುಸು ವಾಲಬೇಕು, ತುಸು ತಿರುಗಬೇಕು. ಭಾರದ ಗುರುತ್ವ ಕೇಂದ್ರ ಗಾಡಿಯ ಚಕ್ರಗಳ ನಡುವೆಯೇ ಇರಬೇಕು, ಇಲ್ಲದಿದ್ದರೆ ಮಗುಚುತ್ತದೆ. ವಾಲ್ವ್ ಸಡಿಲಿಸಿದಾಗ ಬ್ರೇಕ್ ದೊಪ್ಪನೆ ಕುಸಿಯದೆ ಮೆಲ್ಲಗೆ ಇಳಿಯಬೇಕು. ಸ್ಟ್ಯಾಟಿಕ್ಸ್, ಫ್ಲೂಯಿಡ್ ಮೆಕ್ಯಾನಿಕ್ಸ್, ಮಷಿನ್ ಡಿಸೈನ್ ಮೂರೂ ಇಲ್ಲೇ ಇವೆ.

ಕೆಲಸ ಹುಡುಕುವವರಿಗೆ ಒಂದು ಮಾತು. ವಿಮಾನದ ರಿಪೇರಿ ಸರಿಯಿದೆ ಎಂದು ಸಹಿ ಹಾಕಲು ಡಿಜಿಸಿಎ ನೀಡುವ ಎಎಂಇ ಲೈಸೆನ್ಸ್ ಬೇಕು, ಬಿಇ ಪದವಿಯೊಂದೇ ಸಾಲದು. ಆದರೆ ಡಾಲಿ, ಜ್ಯಾಕ್, ಟೋಬಾರ್‌ಗಳಂಥ ಉಪಕರಣಗಳ ವಿನ್ಯಾಸ, ತಯಾರಿಕೆ, ಭಾರ ಪರೀಕ್ಷೆ ನಮ್ಮಂಥ ಮೆಕ್ಯಾನಿಕಲ್‌ನವರ ಕೆಲಸ. ‘ಮೆಕ್ಯಾನಿಕಲ್ ತಗೊಂಡು ಏನ್ಮಾಡ್ತೀಯಾ?’ ಎಂದು ಕೇಳುವವರಿಗೆ ನನ್ನ ಬಳಿ ಈಗ ಉತ್ತರವಿದೆ.

ಮುಂದಿನ ವರ್ಷದ ಪ್ರಾಜೆಕ್ಟ್‌ಗೆ ನಾನು ಮತ್ತು ಮೂವರು ಗೆಳೆಯರು ಲಾರಿ ಬ್ರೇಕ್ ಡ್ರಮ್ ಇಳಿಸುವ ಕಡಿಮೆ ಖರ್ಚಿನ ಡಾಲಿಯನ್ನು ಆರಿಸಿಕೊಂಡಿದ್ದೇವೆ. ದುಡ್ಡು ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ತರುವ ಮೊದಲು ನೀವೂ ನಿಮ್ಮೂರಿನ ಗ್ಯಾರೇಜು, ಎಪಿಎಂಸಿ, ಮಿಲ್ಲುಗಳಲ್ಲೊಮ್ಮೆ ಸುತ್ತಿ ಬನ್ನಿ. ಯಾರ ಬೆನ್ನು ಬಗ್ಗುತ್ತಿದೆ ಎಂದು ನೋಡಿ. ಪ್ರಾಜೆಕ್ಟ್ ಅಲ್ಲೇ ಸಿಗುತ್ತದೆ.